ಹೊಗೆಗೂಡಿಗೊಂದು ಕಿಟಕಿ

ಗಲ್ಫಿನಿಂದ ಬಂದವರ ಪೆಟ್ಟಿಗೆ ಬಿಚ್ಚುವಾಗ ನೆರೆಕರೆಯವರು ಸುತ್ತ ಕೂರುವುದು ಕಡಬದಲ್ಲಿ ವಾಡಿಕೆ. 1985ರ ನವೆಂಬರಿನಲ್ಲಿ ರವೂಫ್ ಬಂದಾಗಲೂ ಅವನ ಹೆಂಡತಿಯ ಮನೆಯ ಚಾವಡಿ ತುಂಬಿತ್ತು. ಸೆಂಟಿನ ಬಾಟಲಿಗಳು ಕೈಯಿಂದ ಕೈಗೆ ಹೋದವು. ಟೇಪ್‌ರೆಕಾರ್ಡರಿನ ಮುಚ್ಚಳವನ್ನು ಎಲ್ಲರೂ ಒಮ್ಮೊಮ್ಮೆ ತೆರೆದು ಮುಚ್ಚಿದರು. ಕೊನೆಗೆ ಪೆಟ್ಟಿಗೆಯ ತಳದಿಂದ, ಎರಡು ಟವೆಲುಗಳ ಸುರುಳಿಯೊಳಗಿಂದ, ಕಪ್ಪು ಬಣ್ಣದ ಒಂದು ಪಿಸ್ತೂಲು ಹೊರಬಂತು.

ಮುಂದೆ ಕೂತವರು ಹಿಂದೆ ಸರಿದರು.

“ಇದು ಎಂತ ಮಾರಾಯ?” ಎಂದು ಕೇಳಿದವರು ಮಾವ ಪೋಕರ್. ಕಡಬ ಪೇಟೆಯಲ್ಲಿ ರಬ್ಬರ್ ಶೀಟು ಖರೀದಿಸುವ ಅಂಗಡಿ ಅವರದು. ಜೋರಾಗಿ ಮಾತಾಡುವ ಮನುಷ್ಯ, ಆದರೆ ಈಗ ದನಿ ಇಳಿದಿತ್ತು. “ಪೊಲೀಸರಿಗೆ ಗೊತ್ತುಂಟಾ?”

“ಇದು ಬಿಸಿ ಅಳೆಯುವ ಯಂತ್ರ ಮಾವ,” ಎಂದ ರವೂಫ್. “ಮುಟ್ಟದೆ ಅಳೆಯುದು. ಗುರಿ ಇಟ್ಟು ಒತ್ತಿದರೆ ಆಯ್ತು, ಎಷ್ಟು ಡಿಗ್ರಿ ಅಂತ ಹಿಂದೆ ಬರ್ತದೆ.”

ಅವನು ಅದನ್ನು ಮಾವನ ಬೋಳುತಲೆಗೆ ಗುರಿಯಿಟ್ಟು ಗುಂಡಿ ಒತ್ತಿದ. ಯಂತ್ರದ ಬೆನ್ನಿನಲ್ಲಿ ಕೆಂಪು ಅಂಕಿಗಳು ಮೂಡಿದವು: ಮೂವತ್ತನಾಲ್ಕು.

“ಇಷ್ಟೇಯಾ?” ಎಂದರು ಪೋಕರ್, ಸ್ವಲ್ಪ ಬೇಸರದಿಂದ.

“ಬೀಡಿ ಹೊತ್ತಿಸ್ಲಿಕ್ಕೆ ಸಾಲದು,” ಎಂದಿತು ಹಿಂದಿನ ಸಾಲಿನಿಂದ ಒಂದು ದನಿ. ಚಾವಡಿಯೆಲ್ಲ ನಕ್ಕಿತು.

ರವೂಫ್ ಆರು ವರ್ಷ ದುಡಿದದ್ದು ಒಂದು ಅಲ್ಯುಮಿನಿಯಂ ಕಾರ್ಖಾನೆಯಲ್ಲಿ. ಅಲ್ಲಿ ಅವನ ಕೆಲಸ ಇದೇ ತರದ ಯಂತ್ರ ಹಿಡಿದುಕೊಂಡು ಕುಲುಮೆಗಳ ಹೊರಗೋಡೆ ಎಲ್ಲಿ ಹೆಚ್ಚು ಕಾಯುತ್ತಿದೆ, ಯಾವ ತಂತಿಯ ಜೋಡಣೆ ಸಡಿಲಾಗಿ ಬಿಸಿಯಾಗುತ್ತಿದೆ ಎಂದು ನೋಡಿ ಹೇಳುವುದು. ಹೊಸ ಯಂತ್ರಗಳು ಬಂದಾಗ ಮೇಲ್ವಿಚಾರಕ ಹಳೆಯದೊಂದನ್ನು ಇವನ ಕೈಗಿಟ್ಟು ಬೀಳ್ಕೊಟ್ಟಿದ್ದ. ಕರಾರು ಮುಗಿದಿತ್ತು. ಇನ್ನು ಹಿಂದೆ ಹೋಗುವುದಿಲ್ಲ ಎಂದು ರವೂಫ್ ವಿಮಾನದಲ್ಲೇ ನಿಶ್ಚಯಿಸಿದ್ದ.

ಕಾರಣ ದೊಡ್ಡದೇನಲ್ಲ, ಎರಡೂವರೆ ವರ್ಷದ್ದು. ಹಿಂದಿನ ಸಲ ರಜೆ ಮುಗಿಸಿ ಹೋದ ಮೇಲೆ ಮಗಳು ಪಾತು ಹುಟ್ಟಿದ್ದು, ಆಮೇಲೆ ಅವನು ಊರಿಗೆ ಬಂದಿರಲಿಲ್ಲ. ಅವಳಿಗೆ ಅಪ್ಪ ಎಂದರೆ ಗೋಡೆಯ ಮೇಲಿನ ಪಟ. ಬಂದ ದಿನ ಅವನು ಎತ್ತಿಕೊಳ್ಳಲು ಹೋದಾಗ ಅವಳು ಅತ್ತು, ಪಟದ ಕಡೆ ಕೈತೋರಿಸಿ, ಅಪ್ಪ ಅಲ್ಲಿದ್ದಾರೆ ಎಂದು ತಿಳಿಸಿದ್ದಳು.

ಆದರೆ ಪೋಕರ್ ಆಗಲೇ ಅಬುದಾಬಿಯ ಬಂಧುವಿನ ಅಂಗಡಿಗೆ ಅಳಿಯನ ಹೆಸರಿನಲ್ಲಿ ವೀಸಾಕ್ಕೆ ಹೇಳಿಯಾಗಿತ್ತು.

“ಊರಲ್ಲಿ ಎಂತ ಮಾಡುದು ನೀನು?” ಎಂದು ಕೇಳಿದರು. “ಗಾಳಿಗೆ ಗುರಿಯಿಟ್ಟು ಕೂತರೆ ಗಂಜಿ ಬೇಯ್ತದಾ?”

“ಈ ಯಂತ್ರಕ್ಕೆ ಇಲ್ಲಿಯೂ ಕೆಲಸ ಉಂಟು ಮಾವ.”

“ತೋರಿಸು. ಜನವರಿವರೆಗೆ ಸಮಯ ಉಂಟು. ಇಲ್ಲದಿದ್ದರೆ ಪಾಸ್‌ಪೋರ್ಟ್ ತೆಗೆದು ಇಡು.”

ಹಾಗೆ ರವೂಫ್ ಯಂತ್ರ ಹೆಗಲಿಗೆ ಹಾಕಿಕೊಂಡು ಊರು ಸುತ್ತಲು ತೊಡಗಿದ. ಮೊದಲು ಮಾವನ ಅಂಗಡಿಯ ವಿದ್ಯುತ್ ಹಲಗೆಯನ್ನೇ ನೋಡಿದ. ಮೂರು ಫ್ಯೂಸುಗಳಲ್ಲಿ ಎರಡು ತಣ್ಣಗಿದ್ದವು, ಮೂರನೆಯದು ಮುಟ್ಟಿದರೆ ಸುಡುವಷ್ಟು ಬಿಸಿ. ಕರೆಂಟು ಆರಿಸಿ ಸ್ಕ್ರೂ ಬಿಗಿ ಮಾಡಿದ ಮೇಲೆ ಅದೂ ಇಳಿಯಿತು. ಪೋಕರ್ ನೋಡಿ ಮತ್ತೆ ಲೆಕ್ಕದ ಪುಸ್ತಕಕ್ಕೆ ತಿರುಗಿದರು. ಸುಳ್ಯದ ಒಂದು ಬೇಕರಿಗೆ ಹೋಗಿ ಕಟ್ಟಿಗೆಯ ಒಲೆಯೊಳಗೆ ಗುರಿಯಿಟ್ಟು, ಎಡಮೂಲೆಯ ಇಟ್ಟಿಗೆ ಉಳಿದದ್ದಕ್ಕಿಂತ ಬಹಳ ತಣ್ಣಗಿದೆ, ಅದಕ್ಕೇ ಆ ಕಡೆಯ ಬನ್ನು ಬಿಳಿಚಿಕೊಳ್ಳುವುದು ಎಂದು ತೋರಿಸಿದ. ಬೇಕರಿಯವನಿಗೆ ಬಹಳ ಸಂತೋಷವಾಗಿ ಒಂದು ಬನ್ನು ಕೊಟ್ಟ. ಅರಂತೋಡಿನಲ್ಲಿ ಮಡಿಕೇರಿಯಿಂದ ಇಳಿದು ಬಂದ ಬಸ್ಸಿನ ಚಕ್ರಗಳನ್ನು ಅಳೆಯಲು ಹೋದಾಗ ಮಾತ್ರ ಡ್ರೈವರು ಎರಡೂ ಕೈ ಮೇಲೆತ್ತಿ ನಿಂತುಬಿಟ್ಟ. ಅವನಿಗೆ ವಿವರಿಸಿ ನಗಿಸುವಷ್ಟರಲ್ಲಿ ಚಕ್ರ ತಣಿದಿತ್ತು.

ಬನ್ನಿನಿಂದ ಸಂಸಾರ ನಡೆಯುವುದಿಲ್ಲ ಎಂದು ರವೂಫನಿಗೂ ಗೊತ್ತಿತ್ತು. ದಾರಿ ತೋರಿಸಿದ್ದು ಪೋಕರ್ ಅವರೇ, ಅದೂ ಕೋಪದಲ್ಲಿ. ಒಂದು ದಿನ ಅಂಗಡಿಗೆ ಬಂದ ರಬ್ಬರ್ ಶೀಟಿನ ಕಟ್ಟನ್ನು ಬಿಚ್ಚಿ, “ನೋಡು ಈ ಔತನ ಶೀಟು. ಮೈಯೆಲ್ಲ ಗುಳ್ಳೆ, ದಡಾರ ಬಂದವರ ಹಾಗೆ,” ಎಂದು ಬೈದರು. “ಗೂಡಿನಲ್ಲಿ ಬೆಂಕಿ ಹೆಚ್ಚಾಗಿದೆ. ಹೋದ ಸಲ ಕಡಿಮೆಯಾಗಿ ಬೂಸ್ಟು ಬಂದಿತ್ತು. ನಿನ್ನ ಪಿಸ್ತೂಲಿಗೆ ತಾಕತ್ತು ಉಂಟಾದರೆ ಇದನ್ನು ಸರಿಮಾಡು. ಕ್ರಿಸ್‌ಮಸ್ ಕಳೆದು ಔತ ತರುವ ಶೀಟಿನಲ್ಲಿ ಒಂದು ಗುಳ್ಳೆ ಇಲ್ಲದಿದ್ದರೆ ನಾನು ವೀಸಾದ ಮಾತು ಎತ್ತುದಿಲ್ಲ.”

ಔತ ಕೇರಳದಿಂದ ಬಂದು ನೆಲ್ಯಾಡಿ ರಸ್ತೆಯ ಗುಡ್ಡದಲ್ಲಿ ರಬ್ಬರ್ ಹಾಕಿದವರು. ರಬ್ಬರ್ ಮರದ ಹಾಲನ್ನು ಹೆಪ್ಪುಗಟ್ಟಿಸಿ, ಯಂತ್ರದಲ್ಲಿ ಒತ್ತಿ, ಬಿಳಿಯ ಹಸಿ ಶೀಟುಗಳನ್ನು ಕೋಲಿನ ಮೇಲೆ ಬಟ್ಟೆಯಂತೆ ನೇತುಹಾಕಿ, ಮುಚ್ಚಿದ ಗೂಡಿನೊಳಗೆ ಹೊಗೆ ಬಿಟ್ಟು ಒಣಗಿಸುವುದು ಅಲ್ಲಿಯ ಕ್ರಮ. ನಾಲ್ಕೈದು ದಿನದಲ್ಲಿ ಅವು ಜೇನಿನ ಬಣ್ಣಕ್ಕೆ ತಿರುಗುತ್ತವೆ. ಗೂಡು ತಣ್ಣಗಾದರೆ ಬೂಸ್ಟು, ಅರವತ್ತು ಡಿಗ್ರಿ ದಾಟಿದರೆ ಗುಳ್ಳೆ. ಔತನ ಗೂಡನ್ನು ನೋಡಿಕೊಳ್ಳುವವರು ಅವರ ಹೆಂಡತಿ ಕುಟ್ಟಿಯಮ್ಮ. ರವೂಫನಿಗೆ ಅವರಿಬ್ಬರು ಮಲಯಾಳದ ಚೇಟ್ಟ, ಚೇಚಿ, ಅಂದರೆ ಅಣ್ಣ, ಅಕ್ಕ. ಅವರ ಅಳತೆ ಕೆನ್ನೆಯದು. ಬಾಗಿಲಿನ ಹಲಗೆಗೆ ಕೆನ್ನೆ ಒತ್ತಿ ಬೆಂಕಿ ಸಾಕೋ ಬೇಕೋ ಎನ್ನುತ್ತಿದ್ದರು. ಅರ್ಧದಷ್ಟು ಸಲ ಸರಿಯಾಗುತ್ತಿತ್ತು.

ರವೂಫ್ ಯಂತ್ರ ತೆಗೆದಾಗ ಕುಟ್ಟಿಯಮ್ಮ ಶಿಲುಬೆಯ ಗುರುತು ಹಾಕಿಕೊಂಡರು. ಆಮೇಲೆ ಅವರಿಗೇ ಅದು ಎಲ್ಲರಿಗಿಂತ ಹೆಚ್ಚು ಇಷ್ಟವಾಯಿತು.

“ಮುಟ್ಟದೆ ಇದಕ್ಕೆ ಹೇಗೆ ಗೊತ್ತಾಗುದು?” ಎಂದು ಕೇಳಿದರು ಔತ.

“ಒಲೆ ಮುಂದೆ ಕೂತರೆ ಮುಖಕ್ಕೆ ಬಿಸಿ ತಾಗ್ತದಲ್ಲ ಚೇಟ್ಟ,” ಎಂದ ರವೂಫ್. “ಒಲೆಯನ್ನು ಮುಟ್ಟಿದ್ದೀರಾ? ಇಲ್ಲ. ಅದು ಒಂದು ತರದ ಬೆಳಕು. ಕಣ್ಣಿಗೆ ಕಾಣುದಿಲ್ಲ ಅಷ್ಟೆ. ಒಲೆ ಮಾತ್ರ ಅಲ್ಲ, ಎಲ್ಲ ವಸ್ತುವೂ ಬಿಡ್ತದೆ. ಬಿಸಿ ಹೆಚ್ಚಾದ ಹಾಗೆ ಹೆಚ್ಚು ಬಿಡ್ತದೆ. ನೀವೂ ಬಿಡ್ತಾ ಇದ್ದೀರಿ, ಈಗ, ಇಲ್ಲಿ ಕೂತು.”

“ಇವರು ಬಿಡುದು ಮಾತು ಮಾತ್ರ,” ಎಂದರು ಕುಟ್ಟಿಯಮ್ಮ.

“ಆ ಕಾಣದ ಬೆಳಕು ಇದರ ಕಣ್ಣಿನಿಂದ ಒಳಗೆ ಹೋಗಿ, ಎಳ್ಳಿನಷ್ಟು ಚಿಕ್ಕ ಒಂದು ಕಪ್ಪು ಬಿಲ್ಲೆಯ ಮೇಲೆ ಬೀಳ್ತದೆ. ಬಿಲ್ಲೆ ಸ್ವಲ್ಪ ಬಿಸಿ ಆಗ್ತದೆ. ಆಗ ಅದರಲ್ಲಿ ಒಂದು ಚೂರು ಕರೆಂಟು ಹುಟ್ಟುತ್ತದೆ. ಅದನ್ನು ಲೆಕ್ಕ ಹಾಕಿ ಅಂಕಿ ತೋರಿಸುದು.”

“ನನ್ನದು ನೋಡು,” ಎಂದು ಕುಟ್ಟಿಯಮ್ಮ ಬೆವರಿದ ಹಣೆ ಮುಂದೆ ಮಾಡಿದರು. ಮೂವತ್ತೆರಡು ಬಂತು. “ಜ್ವರ ಇಲ್ಲ, ಒಳ್ಳೆದು. ಆದರೆ ಆಸ್ಪತ್ರೆಯಲ್ಲಿ ಮೂವತ್ತೇಳು ಅಂತಾರಲ್ಲ. ನಾನು ಬದುಕಿದ್ದೇನಾ ಇಲ್ವಾ?”

ಅದು ಮೈಯ ಹೊರಗಿನ ಬಿಸಿ ಮಾತ್ರ ನೋಡುವುದು, ಬೆವರು ಒಣಗುವಾಗ ಹಣೆ ತಣ್ಣಗಿರುತ್ತದೆ ಎಂದು ರವೂಫ್ ಸಮಾಧಾನ ಹೇಳಬೇಕಾಯಿತು.

ಬಾಗಿಲು ತೆರೆದು ಶೀಟುಗಳಿಗೆ ಗುರಿಯಿಟ್ಟಾಗ ಅಂಕಿ ಸರಿಯಾಗಿ ಬಂತು. ಹೊಗೆ ತರುವ ಹೊಸ ತಗಡಿನ ಕೊಳವೆಗೆ ಇಟ್ಟಾಗ ಮಾತ್ರ ತೀರ ಕಡಿಮೆ ಬಂತು. ರವೂಫನಿಗೆ ಇದು ಗೊತ್ತಿದ್ದ ವಿಷಯ. ಕಾರ್ಖಾನೆಯಲ್ಲಿ ಮೊದಲ ದಿನ ಕಲಿಸಿದ್ದೇ ಇದು: ಫಳಫಳ ಹೊಳೆಯುವ ಲೋಹ ತನ್ನ ಬಿಸಿಯನ್ನು ಸರಿಯಾಗಿ ಬಿಟ್ಟುಕೊಡುವುದಿಲ್ಲ, ಕನ್ನಡಿಯಂತೆ ಸುತ್ತಲಿನದನ್ನು ತೋರಿಸಿ ಮೋಸ ಮಾಡುತ್ತದೆ. ಅವನು ಕೊಳವೆಯ ಒಂದು ಅಂಗೈಯಗಲಕ್ಕೆ ಒಲೆಯ ಮಸಿ ಬಳಿದು ಮತ್ತೆ ಅಳೆದ. ಅಂಕಿ ನೆಗೆಯಿತು. ಔತ ತಲೆದೂಗಿದರು. ರವೂಫನಿಗೆ ಒಳಗೊಳಗೇ ಹೆಮ್ಮೆಯಾಯಿತು, ಮತ್ತು ತಾನು ಎಲ್ಲವನ್ನೂ ಬಲ್ಲೆ ಎಂದು ಆ ಹೊತ್ತಿಗೆ ಅನಿಸಿದ್ದು ನಿಜ.

ಆ ಸಲದ ಶೀಟು ಚೆನ್ನಾಗಿಯೇ ಬಂತು. ಆದರೆ ಕುಟ್ಟಿಯಮ್ಮನಿಗೆ ಒಂದು ತಕರಾರು ಉಳಿಯಿತು. ಅವರ ಮನೆಯಲ್ಲಿ, ಅವರ ತಾಯಿಯ ಕಾಲದಿಂದಲೂ, ಬೆಂಕಿ ಹಾಕಿದ ಗೂಡಿನ ಬಾಗಿಲನ್ನು ದಿನಕ್ಕೊಮ್ಮೆ ಬೆಳಗಿನ ಜಾವ ಮಾತ್ರ ತೆರೆಯುವುದು, ಅದೂ ಶೀಟು ತಿರುಗಿಸಿ ಹಾಕಲು.

“ಗೂಡಿನ ಬಾಗಿಲು ಅಂದರೆ ಹೆರಿಗೆ ಕೋಣೆಯ ಬಾಗಿಲು,” ಎಂದರು. “ಹೋಗುವವರು ಬರುವವರು ಎಲ್ಲ ತೆರೆದು ಇಣುಕುದಲ್ಲ. ಹೊಗೆ ಎಲ್ಲ ಹೊರಗೆ ಹೋಯ್ತು. ಇನ್ನು ತೆರೆಯುದಾದರೆ ನಿನ್ನ ಯಂತ್ರವೂ ಬೇಡ ನೀನೂ ಬೇಡ.”

“ಬಾಗಿಲು ತೆರೆಯದೆ ಒಳಗೆ ನೋಡ್ಬೇಕು, ಅಷ್ಟೇ ಅಲ್ವಾ?” ಎಂದರು ಔತ. “ಅದಕ್ಕೆ ಇಷ್ಟು ಗಲಾಟೆ ಯಾಕೆ?”

ಮರುದಿನ ಅವರು ಪುತ್ತೂರಿಗೆ ಹೋಗಿ ಚೌಕದ ಒಂದು ಗಾಜು ಕೊಯ್ಯಿಸಿ, ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಂದರು. ಗೂಡಿನ ಬಾಗಿಲಿಗೆ ಕಿಂಡಿ ಕೊರೆದು ಕೂರಿಸಿದರು. ಇಡೀ ಗುಡ್ಡದಲ್ಲಿ ಕಿಟಕಿಯಿರುವ ಹೊಗೆಗೂಡು ಅದೊಂದೇ. ಅಕ್ಕಪಕ್ಕದ ತೋಟದವರು ಬಂದು ನೋಡಿ ಹೋದರು.

ಕ್ರಿಸ್‌ಮಸ್ ಕಳೆದ ಮೇಲೆ ಕೊಡಬೇಕಾದ ಶೀಟುಗಳನ್ನು ಗೂಡಿಗೆ ತುಂಬಿ ಬೆಂಕಿ ಹಾಕಿದ್ದು ಡಿಸೆಂಬರಿನ ಚಳಿಯಲ್ಲಿ. ರವೂಫ್ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಬಂದು ಕಿಟಕಿಯ ಮೂಲಕ ಗುರಿಯಿಟ್ಟ. ನಲವತ್ತು.

“ಸಾಲದು,” ಎಂದ.

ಔತ ಕಟ್ಟಿಗೆ ಹಾಕಿದರು. ಸ್ವಲ್ಪ ಹೊತ್ತು ಕಳೆದು ನೋಡಿದರೆ ನಲವತ್ತೆರಡು.

“ಇನ್ನೂ ಬೇಕು.”

“ಚಳಿ ಹೆಚ್ಚು ಈ ವರ್ಷ,” ಎಂದು ಔತ ಮತ್ತೆ ತುಂಬಿಸಿದರು. ಕುಟ್ಟಿಯಮ್ಮ ಕೈಕಟ್ಟಿ ಕೂತಿದ್ದರು. ಯಂತ್ರ ಬಂದಮೇಲೆ ತನ್ನ ಕೆನ್ನೆಗೆ ರಜೆ ಎಂದು ಅವರು ಎಲ್ಲರ ಬಳಿ ಹೇಳಿಕೊಂಡಿದ್ದರು, ಆ ರಜೆಯನ್ನು ಅವರು ಚೆನ್ನಾಗಿಯೇ ಅನುಭವಿಸುತ್ತಿದ್ದರು. ಮಧ್ಯಾಹ್ನಕ್ಕೆ ನಲವತ್ತೈದು. ಸಂಜೆಯ ಬಸ್ಸಿಗೆ ಹೊರಡುವಾಗಲೂ ಅಂಕಿ ಐವತ್ತು ಮುಟ್ಟಿರಲಿಲ್ಲ. ಇನ್ನೆರಡು ಕೊಳ್ಳಿ ಹಾಕಿ ಎಂದು ಹೇಳಿ ರವೂಫ್ ಹೋದ.

ಮರುದಿನ ಅವನು ಬಸ್ಸಿಳಿಯುವಾಗ ಕುಟ್ಟಿಯಮ್ಮ ರಸ್ತೆಯ ಬದಿಯಲ್ಲೇ ನಿಂತಿದ್ದರು. ಕೈಯಲ್ಲಿ ಒಂದು ಶೀಟು. ಬೆಳಗಿನ ಜಾವ ಬಾಗಿಲು ತೆರೆದಾಗ ಕಂಡದ್ದು ಅದು. ಮೈತುಂಬ ಗುಳ್ಳೆ, ಕೆಳಗಿನ ಅಂಚು ಬೆಲ್ಲದ ಪಾಕದಂತೆ ಜೋತು ಅಂಟಿಕೊಂಡಿತ್ತು.

“ನಲವತ್ತೆರಡಾ ಇದು?” ಎಂದರು.

ರವೂಫ್ ಶೀಟನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. ಔತ ಹಿಂದಿನಿಂದ ಬಂದು, “ಅವನಿಗೆ ಯಾಕೆ ಬೈಯುದು? ಕಟ್ಟಿಗೆ ಹಾಕಿದ್ದು ನಾನು,” ಎಂದರು.

“ನಿಮಗೆ ಆಮೇಲೆ ಬೈಯ್ತೇನೆ. ಇವನ ಬಸ್ಸು ಬೇಗ ಹೋಗ್ತದೆ.”

ಆ ಬೈಗಳಲ್ಲಿ ವಿಷ ಇರಲಿಲ್ಲ. ಆದರೆ ಅದರಿಂದಲೇ ರವೂಫನಿಗೆ ಹೆಚ್ಚು ನಾಚಿಕೆಯಾಯಿತು. ಕೈಗೆ ಕೊಟ್ಟ ಯಂತ್ರವನ್ನು ತಾನು ಪೂರ್ತಿ ತಿಳಿಯದೆ ಬೇರೆಯವರ ಮಾಲಿನ ಮೇಲೆ ಪ್ರಯೋಗ ಮಾಡಿದೆನಲ್ಲ ಎಂದು ಅವನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದ. ಬ್ಯಾಟರಿ ಇಳಿಯಿತೇ ಎಂದು ಟ್ರಾನ್ಸಿಸ್ಟರ್ ರೇಡಿಯೋದ ಹೊಸ ಚೌಕ ಬ್ಯಾಟರಿ ಹಾಕಿ ನೋಡಿದ. ಅಂಗೈಗೆ ಗುರಿಯಿಟ್ಟ, ಅಂಕಿ ಸರಿಯಾಗಿಯೇ ಇತ್ತು. ಯಂತ್ರ ಕೆಟ್ಟಿಲ್ಲ ಎಂದರೆ ಕೆಟ್ಟದ್ದು ಯಾವುದು?

ಸುದ್ದಿ ಅವನಿಗಿಂತ ಮೊದಲೇ ಕಡಬ ಮುಟ್ಟಿತ್ತು. ಪೋಕರ್ ಅಂಗಡಿಯಲ್ಲಿ ಕೂತಲ್ಲಿಂದಲೇ ಹೇಳಿದರು: “ಇನ್ನು ಮಾತು ಬೇಡ. ಪಾಸ್‌ಪೋರ್ಟ್ ನಾಳೆ ತಂದು ಕೊಡು. ನಮ್ಮ ಸಲಾಂ ಬೇರೆ ದಿನಾ ಬಂದು ಕೇಳ್ತಾ ಇದ್ದಾನೆ, ವೀಸಾ ತನಗೆ ಕೊಡಿ ಅಂತ. ಅಳಿಯನಿಗೆ ಅಂತ ಇಟ್ಟಿದ್ದೇನೆ.” ಸಲಾಂ ಅವರ ತಮ್ಮನ ಮಗ. ಗಲ್ಫಿಗೆ ಹೋಗಲು ಒಂಟಿಕಾಲಲ್ಲಿ ನಿಂತವ.

ಮನೆಗೆ ಹೋಗಿ ಹೆಂಡತಿ ಝೈನಬಳಿಗೆ ಹೇಳುವ ಧೈರ್ಯ ಬರದೆ ರವೂಫ್ ಬಸ್‌ಸ್ಟ್ಯಾಂಡಿನ ಎದುರಿನ ಕುಶಾಲಪ್ಪನ ಹೋಟೆಲಿನಲ್ಲಿ ಕೂತ. ಕುಶಾಲಪ್ಪ ಸುಳ್ಯ ಕಡೆಯವನು. ಬಾಯಿಗೆ ಬೀಗ ಇಲ್ಲ. ಬಿಸಿ ಗೋಳಿಬಜೆಗಳನ್ನು ತಟ್ಟೆಯಲ್ಲಿ ತಂದು ಗಾಜಿನ ಕಪಾಟಿನಲ್ಲಿಟ್ಟು ಮುಚ್ಚಿದ.

“ಎಂತ ಮಾರಾಯ, ಮುಖ ಹುಳಿಮಜ್ಜಿಗೆ ಹಾಗೆ ಆಗಿದೆ?” ಎಂದ. “ಪಿಸ್ತೂಲು ತೆಗಿ, ನಮ್ಮ ಗೋಳಿಬಜೆಗೆ ಜ್ವರ ಉಂಟಾ ನೋಡು.”

ಬೇಡವೆಂದರೆ ಇನ್ನಷ್ಟು ಕಾಡುತ್ತಾನೆ ಎಂದು ರವೂಫ್ ಕೂತಲ್ಲಿಂದಲೇ ಕಪಾಟಿಗೆ ಗುರಿಯಿಟ್ಟ. “ಮೂವತ್ತು,” ಎಂದ.

“ಎಂತ ಮೂವತ್ತು? ಈಗ ಎಣ್ಣೆಯಿಂದ ತೆಗೆದದ್ದು. ಬಾಯಿಗೆ ಹಾಕಿದ್ರೆ ನಾಲಗೆ ಹೋಗ್ತದೆ.” ಕುಶಾಲಪ್ಪನಿಗೆ ನಿಜವಾಗಿ ಅವಮಾನವಾಯಿತು. ಕಪಾಟಿನ ಬಾಗಿಲು ಸರಿಸಿ, “ಈಗ ಹಿಡಿ,” ಎಂದ.

ರವೂಫ್ ಹಿಡಿದ. ಎಪ್ಪತ್ತೈದು.

“ಮುಚ್ಚು,” ಎಂದ ರವೂಫ್.

ಮುಚ್ಚಿದರೆ ಮೂವತ್ತು.

“ತೆರೆ.”

ಎಪ್ಪತ್ತನಾಲ್ಕು.

“ಮುಚ್ಚು.”

“ನಾನು ಇಲ್ಲಿ ಬಾಗಿಲು ಕಾಯ್ಲಿಕ್ಕೆ ಕೂತದ್ದಾ?” ಎಂದ ಕುಶಾಲಪ್ಪ. ಚಹಾ ಕುಡಿಯುತ್ತಿದ್ದವರು ಗ್ಲಾಸು ಕೆಳಗಿಟ್ಟು ನೋಡತೊಡಗಿದ್ದರು. ರವೂಫ್ ಎದ್ದು ಹೋಗಿ ಕಪಾಟಿನ ಗಾಜಿಗೆ ಅಂಗೈ ಇಟ್ಟ. ಬಿಸಿಯೇನೂ ಇರಲಿಲ್ಲ, ಮೂವತ್ತಕ್ಕೆ ಸರಿಯಾಗಿ. ಕಣ್ಣು ಗಾಜಿನಾಚೆಯ ಗೋಳಿಬಜೆ ನೋಡುತ್ತಿತ್ತು. ಯಂತ್ರ ಗಾಜನ್ನೇ ನೋಡುತ್ತಿತ್ತು. ಕಾಣುವ ಬೆಳಕಿಗೆ ಕಿಟಕಿಯಾದದ್ದು ಆ ಕಾಣದ ಬೆಳಕಿಗೆ ಗೋಡೆ. ಔತನ ಗೂಡಿನಲ್ಲಿ ಅವನು ದಿನವಿಡೀ ಅಳೆದದ್ದು ಶೀಟಿನ ಬಿಸಿಯನ್ನಲ್ಲ, ಹೊರಗಿನ ಚಳಿಗೆ ಮೈಯೊಡ್ಡಿದ್ದ ಪುತ್ತೂರಿನ ಗಾಜಿನ ಬಿಸಿಯನ್ನು.

ಕಾರ್ಖಾನೆಯಲ್ಲಿ ಅವನು ಎಂದೂ ಗಾಜಿನ ಹಿಂದಿನಿಂದ ಅಳೆದಿರಲಿಲ್ಲ. ಅಲ್ಲಿ ಕುಲುಮೆಯ ಬಾಗಿಲು ತೆರೆಯಬೇಡ ಎನ್ನುವ ಕುಟ್ಟಿಯಮ್ಮ ಇರಲಿಲ್ಲ.

ಮನೆಗೆ ಹೋದವನೇ ಅಡುಗೆಕೋಣೆಗೆ ನುಗ್ಗಿದ. ಝೈನಬ ರೊಟ್ಟಿ ಸುಡುತ್ತಿದ್ದಳು.

“ಕಾವಲಿ ಕೆಳಗೆ ಇಡು. ಒರೆಸ್ಬೇಡ, ಮಸಿ ಇರಲಿ.”

“ರೊಟ್ಟಿ?”

“ರೊಟ್ಟಿ ಆಮೇಲೆ.”

ಅವನು ನಡೆದದ್ದನ್ನೆಲ್ಲ ಹೇಳಿದ. ಪಾಸ್‌ಪೋರ್ಟಿನ ಮಾತು ಬಂದಾಗ ಝೈನಬ ಕಾವಲಿಯನ್ನು ತಾನೇ ಎತ್ತಿ ನೆಲದ ಮೇಲಿಟ್ಟಳು. “ಗಾಜು ಆಗುದಿಲ್ಲ. ಮತ್ತೆ ಯಾವುದು ಆಗ್ತದೆ, ಅಷ್ಟೇ ಗೊತ್ತಾಗ್ಬೇಕಾದ್ದಲ್ವಾ?” ಎಂದಳು.

ಕಾವಲಿ ಹಬೆಯಾಡುತ್ತಿತ್ತು. ರವೂಫ್ ಯಂತ್ರ ಹಿಡಿದ, ಝೈನಬ ಮಧ್ಯದಲ್ಲಿ ಒಂದೊಂದನ್ನೇ ಅಡ್ಡ ಹಿಡಿದಳು. ಪಟದ ಗಾಜು, ಇಲ್ಲ. ತಲೆಗೆ ಹೊದೆಯುವ ತಟ್ಟದ ಬಟ್ಟೆ, ಇಲ್ಲ. ಪತ್ರಿಕೆಯ ಹಾಳೆ, ಇಲ್ಲ. ಹಳೆಯ ಇಸ್ತ್ರಿಪೆಟ್ಟಿಗೆಯ ಅಭ್ರಕದ ತುಂಡು, ಅದೂ ಇಲ್ಲ. ಪಾತು ತನ್ನ ಅಂಗೈ ಅಡ್ಡ ಹಿಡಿದಳು. ಮೂವತ್ತಮೂರು. ಅವಳ ಕೈ ಅಷ್ಟೇ ಬಿಸಿ ಎಂದು ಯಂತ್ರ ತಿಳಿಸಿತು. ಪ್ರತಿ ಸಲವೂ ಕಾವಲಿ ತಣಿಯುತ್ತ ಹೋಗಿ ಮತ್ತೆ ಒಲೆಯ ಮೇಲೆ ಏರಬೇಕಾಯಿತು.

“ಇದನ್ನೊಮ್ಮೆ ಕೊಡಿ,” ಎಂದು ಝೈನಬ ಯಂತ್ರ ಕಸಿದುಕೊಂಡು ಅದರ ಮೂತಿಯನ್ನು ದೀಪಕ್ಕೆ ಹಿಡಿದು ನೋಡಿದಳು. “ಇದರ ಕಣ್ಣು ಗಾಜಿನದ್ದಲ್ಲ.”

“ಮತ್ತೆ?”

“ಹಾಲಿನ ಹಾಗೆ ಉಂಟು ನೋಡಿ, ಮಬ್ಬು. ಪ್ಲಾಸ್ಟಿಕ್. ಗಾಜು ಆಗುದಾದರೆ ಕಣ್ಣಿಗೇ ಗಾಜು ಹಾಕ್ತಿದ್ರು. ಇದರ ಕಣ್ಣು ಎಂಥದ್ದೋ ಅಂಥದ್ದೇ ಕಿಟಕಿಗೂ ಆಗ್ಬೇಕಲ್ಲ.”

ಆರು ವರ್ಷ ಆ ಕಣ್ಣನ್ನು ಬಟ್ಟೆಯಿಂದ ಒರೆಸಿದವನು ರವೂಫ್. ಅದು ಎಂತದ್ದರಿಂದ ಮಾಡಿದ್ದು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅವನು ಹೆಂಡತಿಯ ಮುಖವನ್ನೇ ನೋಡುತ್ತ ನಿಂತಾಗ ಅವಳು, “ನನಗೆ ಗುರಿ ಇಡುದು ಬಿಟ್ಟು ಆ ಹೊಸ ಅಂಗಿ ತನ್ನಿ,” ಎಂದಳು. ಅಂಗಿಯ ತೆಳುವಾದ ಪಾಲಿಥಿನ್ ಚೀಲವನ್ನು ಕತ್ತರಿಸಿ, ಎರಡೂ ಕೈಯಿಂದ ಬಿಗಿಯಾಗಿ ಎಳೆದು, ಕಾವಲಿಗೆ ತಾಗದಂತೆ ಅಡ್ಡ ಹಿಡಿದಳು.

ಬರಿಯ ಕಾವಲಿ ನೂರ ಇಪ್ಪತ್ತು ತೋರಿಸಿತ್ತು. ಪಾಲಿಥಿನ್ ಅಡ್ಡ ಬಂದಾಗ ನೂರ ಎಂಟು.

ರವೂಫ್ ಇನ್ನೊಮ್ಮೆ ಒತ್ತಿದ, ಅದೇ ಅಂಕಿ ಬಂತು.

“ಸ್ವಲ್ಪ ತಿನ್ತದೆ,” ಎಂದ ರವೂಫ್.

“ತಿನ್ಲಿ. ಎಷ್ಟು ತಿನ್ತದೆ ಅಂತ ನೋಡಿ ಕೂಡಿಸಿದ್ರೆ ಆಯ್ತು. ಎಲ್ಲ ನುಂಗುದಿಲ್ಲವಲ್ಲ.”

ಅಪ್ಪನಿಂದ ಒಂದು ವಾರದ ಸಮಯ ಕೇಳಿ ಪಡೆದದ್ದು ಝೈನಬ. ಏನು ಹೇಳಿದಳೋ, ಪೋಕರ್ ಅಂದು ರಾತ್ರಿ ಊಟಕ್ಕೆ ಕೂತಾಗ ಪಾಸ್‌ಪೋರ್ಟಿನ ಹೆಸರೆತ್ತಲಿಲ್ಲ. ಕುಟ್ಟಿಯಮ್ಮನನ್ನು ಒಪ್ಪಿಸುವ ಕೆಲಸ ರವೂಫನ ಪಾಲಿಗೆ ಉಳಿಯಿತು. ಅವನು ಈ ಸಲ ಗೂಡಿನ ಕಡೆ ಹೋಗದೆ ನೇರ ಅವರ ಅಡುಗೆಮನೆಯ ಜಗಲಿಗೆ ಹೋದ.

“ಚೇಚಿ, ತಪ್ಪು ನನ್ನದು. ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ನಂಬುದು ಬೇಡ, ನೀವೇ ಹಿಡಿದು ನೋಡಿ.”

ಅವನು ಯಂತ್ರವನ್ನು ಅವರ ಕೈಗೆ ಕೊಟ್ಟ. ಕಪ್ಪ ಎಂದು ಅವರು ಕರೆಯುವ ಮರಗೆಣಸು ಕುದಿಯುತ್ತಿದ್ದ ಪಾತ್ರೆಯ ಮುಂದೆ ಒಡೆದ ಗಾಜಿನ ತುಂಡು ಹಿಡಿದ, ಆಮೇಲೆ ಪಾಲಿಥಿನ್ ಹಿಡಿದ. ಕುಟ್ಟಿಯಮ್ಮ ಗುಂಡಿ ಒತ್ತಿ ಅಂಕಿ ಓದಿದರು. ಮತ್ತೊಮ್ಮೆ ಒತ್ತಿದರು. ಗಾಜಿನ ತುಂಡನ್ನು ತಾನೇ ತೆಗೆದು ಮುಟ್ಟಿ ನೋಡಿದರು. ಕೊನೆಗೆ ನಗುತ್ತ ಒಳಗೆ ಕೂಗಿದರು: “ಇಲ್ಲಿ ಬನ್ನಿ. ನಿಮ್ಮ ಪುತ್ತೂರಿನ ಗಾಜು ಕೀಳ್ಬೇಕಂತೆ.”

“ಅದನ್ನು ನಾನು ತೊಡೆಯ ಮೇಲೆ ಇಟ್ಟು ತಂದದ್ದು,” ಎಂದರು ಔತ.

“ತೊಡೆಯ ಮೇಲೇ ಇಟ್ಟುಕೊಳ್ಳಿ ಇನ್ನು. ಯಾರು ಬೇಡ ಅಂದ್ರು?”

ಔತ ಗಾಜು ಕಿತ್ತರು. ಕಿಂಡಿಗೆ ಪಾಲಿಥಿನನ್ನು ಡೋಲಿನ ಚರ್ಮದಂತೆ ಎಳೆದು, ಸುತ್ತ ಬಿದಿರಿನ ಪಟ್ಟಿ ಇಟ್ಟು ಮೊಳೆ ಹೊಡೆದರು. ರವೂಫ್ ಈ ಸಲ ಒಂಬತ್ತರ ಬಸ್ಸಿಗೆ ಕಾಯಲಿಲ್ಲ. ಔತನ ಜಗಲಿಯಲ್ಲೇ ಮಲಗಿ, ಬೆಳಗಿನ ಜಾವ ಕುಟ್ಟಿಯಮ್ಮ ಬಾಗಿಲು ತೆರೆಯುವ ಹೊತ್ತಿಗೆ ಸಿದ್ಧನಾಗಿ ನಿಂತ. ತೆರೆಯುವ ಮೊದಲು ಕಿಂಡಿಯಿಂದ ಅಳೆದ, ತೆರೆದ ಮೇಲೆ ನೇರವಾಗಿ ಅಳೆದ. ಮೂರು ಡಿಗ್ರಿ ವ್ಯತ್ಯಾಸ. ಬಾಗಿಲಿನ ಮೇಲೆ ಇದ್ದಿಲಿನಿಂದ ದೊಡ್ಡದಾಗಿ ಬರೆದ: ‘ಮೂರು ಕೂಡಿಸಿ.’ ಮರುದಿನ ವ್ಯತ್ಯಾಸ ಐದಾಯಿತು. ಅವನು ಹೆದರಿ ಮತ್ತೆ ಅಳೆದ, ಅಷ್ಟೇ ಬಂತು. ನೋಡಿದರೆ ಒಳಗಿನ ಹೊಗೆ ಪಾಲಿಥಿನ್ನಿಗೆ ಮೆತ್ತಿಕೊಂಡಿತ್ತು.

“ಇದಕ್ಕೆಲ್ಲ ಯಾಕೆ ಹೆದರುದು?” ಎಂದರು ಕುಟ್ಟಿಯಮ್ಮ. “ದಿನಾ ಬಾಗಿಲು ತೆರೆಯುವಾಗ ಒರೆಸಿಬಿಡ್ತೇನೆ. ನನ್ನ ಕೆನ್ನೆಯನ್ನೂ ದಿನಾ ತೊಳಿತಿದ್ದೆ.”

ಆ ಸಲ ಔತ ಕಟ್ಟಿಗೆ ಹಾಕಿದ್ದು ಕಡಿಮೆ. ಅಂಕಿ ಐವತ್ತು ದಾಟಿದಾಗ ಕುಟ್ಟಿಯಮ್ಮ ಅವರನ್ನು ಒಲೆಯ ಹತ್ತಿರವೇ ಬಿಡಲಿಲ್ಲ. ರವೂಫ್ ಬಿಡುವಾದಾಗಲೆಲ್ಲ ಕಿಂಡಿಗೆ ಗುರಿಯಿಟ್ಟು ನಿಂತಿರುತ್ತಿದ್ದ. ಅಷ್ಟು ಸಲ ನೋಡಬೇಕಾಗಿರಲಿಲ್ಲ ಎಂದು ಅವನಿಗೂ ಗೊತ್ತಿತ್ತು.

ಹೊಸ ವರ್ಷದ ಮೊದಲ ವಾರ ಔತ ಜೀಪಿನಲ್ಲಿ ಶೀಟಿನ ಕಟ್ಟುಗಳನ್ನು ತಂದು ಪೋಕರ್ ಅಂಗಡಿಯ ಮುಂದೆ ಇಳಿಸಿದರು. ಜೊತೆಗೆ ಕುಟ್ಟಿಯಮ್ಮನೂ ಬಂದಿದ್ದರು, ಪೇಟೆಗೆ ಅವರು ಬರುವುದೇ ಅಪರೂಪ. ರವೂಫ್ ತೂಕದ ಯಂತ್ರದ ಪಕ್ಕದಲ್ಲಿ ನಿಂತ. ನಿಲ್ಲಲು ಅಲ್ಲಿ ಜಾಗ ಇರಲಿಲ್ಲ, ಆದರೂ ನಿಂತ.

ಪೋಕರ್ ಮೊದಲ ಶೀಟನ್ನು ಎರಡು ಕೈಯಲ್ಲಿ ಅಗಲಿಸಿ ಬಾಗಿಲ ಬೆಳಕಿಗೆ ಹಿಡಿದರು. ಹಿಂದಿನಿಂದ ಬೀಳುವ ಬೆಳಕಿನಲ್ಲಿ ಅವರ ಬೆರಳುಗಳ ನೆರಳು ಕೂಡ ಸ್ಪಷ್ಟವಾಗಿ ಕಂಡಿತು. ಅದನ್ನಿಟ್ಟು ಇನ್ನೊಂದು ತೆಗೆದರು. ಕಟ್ಟಿನ ನಡುವಿನಿಂದ ಒಂದು, ತಳದಿಂದ ಒಂದು. ಗುಳ್ಳೆ ಹುಡುಕುವುದರಲ್ಲಿ ಅವರ ಕಣ್ಣಿಗೆ ಸಮ ಇಲ್ಲ. ತಳದ ಶೀಟಿನ ಮೂಲೆಯಲ್ಲಿ ಒಂದು ಕಪ್ಪು ಚುಕ್ಕೆ ಕಂಡಿತು. ರವೂಫ್ ಮುಂದೆ ಬಾಗಿದ. ಪೋಕರ್ ಉಗುರಿನಿಂದ ಕೆರೆದರು. ಉದುರಿಹೋಯಿತು.

“ಬೂದಿ,” ಎಂದರು.

“ಬೂದಿಯನ್ನೂ ಖರೀದಿ ಮಾಡ್ತೀರಾ?” ಎಂದು ಕೇಳಿದರು ಕುಟ್ಟಿಯಮ್ಮ.

“ಒಳ್ಳೆ ಶೀಟಿನ ಜೊತೆ ಬಂದರೆ ಮಾಡ್ತೇನೆ.” ಪೋಕರ್ ಶೀಟನ್ನು ಮಡಚಿ ಒಳ್ಳೆಯ ಮಾಲು ಇಡುವ ಬಲಬದಿಯ ಹಲಗೆಯ ಮೇಲಿಟ್ಟರು. ಉಳಿದ ಕಟ್ಟುಗಳೂ ಒಂದರ ಮೇಲೊಂದು ಅಲ್ಲಿಗೇ ಹೋದವು. ಅಷ್ಟೂ ಹೊತ್ತು ಅವರು ಅಳಿಯನ ಕಡೆ ನೋಡಲಿಲ್ಲ.

“ಮಾವ,” ಎಂದ ರವೂಫ್, ತಡೆಯಲಾರದೆ. “ಕಿಂಡಿಯಿಂದ ನೋಡಿದ್ದಕ್ಕೆ ಮೂರು ಕೂಡಿಸ್ಬೇಕು. ಒರೆಸದಿದ್ದರೆ ಐದು. ಅದು ಪೂರ್ತಿ ಸರಿ ಅಂತ ನಾನು ಹೇಳುದಿಲ್ಲ, ಬೇರೆ ಗೂಡಿನಲ್ಲಿ ಬೇರೆ ಬರಬಹುದು, ಅಲ್ಲಿಯೂ ಮೊದಲು ತೆರೆದು ನೋಡಿ...”

“ಅದೆಲ್ಲ ಮಾಥ್ಯೂಗೆ ಹೇಳು,” ಎಂದರು ಪೋಕರ್.

“ಯಾವ ಮಾಥ್ಯೂ?”

“ನೆಲ್ಯಾಡಿಯ ಮಾಥ್ಯೂ. ಅವನ ಗೂಡಿಗೂ ಕಿಟಕಿ ಬೇಕಂತೆ. ಪತ್ರೋಸನಿಗೂ ಬೇಕಂತೆ. ನನಗೆ ಬರುವ ಎಲ್ಲ ಶೀಟೂ ಹೀಗೆ ಬರುದಾದರೆ ನಾನೇ ನಿನ್ನನ್ನು ಗೂಡಿನಿಂದ ಗೂಡಿಗೆ ಕಳಿಸ್ತೇನೆ. ಜೀಪು ಏಳು ಗಂಟೆಗೆ ಹೊರಡ್ತದೆ.”

“ಮತ್ತೆ ಅಬುದಾಬಿ?”

“ಸಲಾಂಗೆ ನಿನ್ನೆಯೇ ಹೇಳಿದೆ. ಅವನು ಆಗಲೇ ಹೊಸ ಪ್ಯಾಂಟು ಹೊಲಿಸ್ಲಿಕ್ಕೆ ಕೊಟ್ಟಿದ್ದಾನೆ.”

“ನಿನ್ನೆಯಾ? ಶೀಟು ಬಂದದ್ದು ಇವತ್ತಲ್ವಾ?”

ಪೋಕರ್ ಔತನ ಕಡೆ ತಿರುಗಿ ಶೀಟಿನ ತೂಕದ ಮಾತು ತೆಗೆದರು. ಕುಟ್ಟಿಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಹಿಂದಿನ ಸಂಜೆ, ರವೂಫ್ ತೋಡಿಗೆ ಸ್ನಾನಕ್ಕೆ ಹೋಗಿದ್ದಾಗ, ಝೈನಬ ಬಸ್ಸು ಹತ್ತಿ ಗುಡ್ಡಕ್ಕೆ ಬಂದು, ಗೂಡಿನಿಂದ ಒಂದು ಶೀಟು ಕೇಳಿ ಕೊಂಡುಹೋಗಿ ಅಪ್ಪನ ಊಟದ ತಟ್ಟೆಯ ಪಕ್ಕದಲ್ಲಿಟ್ಟ ವಿಷಯವನ್ನು ಅವರು ರವೂಫನಿಗೆ ಹೇಳಿದ್ದು ಜೀಪು ಖಾಲಿಯಾಗಿ ಹಿಂದೆ ಹೊರಟಾಗ.

ರವೂಫ್ ಮನೆಯ ದಾರಿ ಹಿಡಿದ. ಗೇಟಿನ ಹತ್ತಿರ ಝೈನಬ ಮಗಳನ್ನು ಸೊಂಟದಲ್ಲಿಟ್ಟುಕೊಂಡು ನಿಂತಿದ್ದಳು. ಅವನು ಬಾಯಿ ತೆರೆಯುವ ಮೊದಲೇ, “ನಾಳೆ ಏಳಕ್ಕೆ ಜೀಪು. ಬುತ್ತಿಗೆ ಪತ್ತಿರಿ ಮಾಡ್ಲಾ, ರೊಟ್ಟಿ ಮಾಡ್ಲಾ?” ಎಂದು ಕೇಳಿದಳು.

ಪಾತು ಎರಡೂ ಕೈ ಚಾಚಿ ಅವನ ಹೆಗಲಿಗೆ ಜಿಗಿದಳು. ಅವನು ಅವಳನ್ನು ಹಿಡಿದುಕೊಂಡು, ಯಾವುದಾದರೂ ಆದೀತು ಎಂದ.